ರೈಟ್ ಅಂದರೆ ಹೋಗು

ಬೀದಿಯವರೆಲ್ಲ ಆಕೆಯನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಕೆಲಸದಿಂದ ನಿವೃತ್ತಿಯಾಗಿ ವರ್ಷ ಕಳೆದರೂ ಹೆಸರು ಮಾತ್ರ ನಿವೃತ್ತಿಯಾಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನಲ್ಲಿ ನಿಂತೇ ಊರು ಸುತ್ತಿದ ಹೆಂಗಸು. ಆಕೆ ‘ರೈಟ್’ ಅಂದರೆ ಬಸ್ಸು ಹೊರಡಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಬೇಕು. ಆದರೆ ಅಷ್ಟೂ ವರ್ಷ ಒಳಗೊಳಗೇ ಒಂದು ಹೊಟ್ಟೆಯುರಿ ಇತ್ತು. ಹೋಗು ಅನ್ನುವವಳು ತಾನು, ಹೋಗುವ ಮಜಾ ಎಲ್ಲ ಡ್ರೈವರನದು. ಹಾಗಾಗಿ ನಿವೃತ್ತಿಯಾದ ತಿಂಗಳೇ ಡ್ರೈವಿಂಗ್ ಕಲಿತು ಹಳೆಯ ಸಣ್ಣ ಕಾರೊಂದನ್ನು ಕೊಂಡಳು. ಅದರ ಸ್ಟೇರಿಂಗ್ ಹಿಡಿದು ಕೂತರೆ ಆಕೆಗೆ ವಯಸ್ಸು ನೆನಪಿರುತ್ತಿರಲಿಲ್ಲ.

ಗಂಡ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ, ಬೀದಿಯವರು ಇಟ್ಟ ಹೆಸರು ಟಿಕ್ಕಣ್ಣ. ಸಾಸಿವೆ ಕಾಳಿಗಿಂತ ದೊಡ್ಡದು ಯಾವುದನ್ನು ಕಂಡರೂ ಆತನಿಗೆ ಅನುಮಾನ. ಕಾರಿನ ಎಂಜಿನ್ ಆಯಿಲನ್ನು ತಾನೇ ಬದಲಿಸುತ್ತೇನೆ ಎಂದು ಹೆಂಡತಿ ಸಾರಿದ ದಿನ ಆತ ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟ. ಗಡಿಯಾರ ಬಿದ್ದರೆ ಕೆಡುವುದು ಗಡಿಯಾರ, ಕಾರು ಬಿದ್ದರೆ ಕೆಡುವುದು ಹೆಂಡತಿ, ಇದು ಆತನ ವಾದ. ಆಕೆಯ ವಾದವೇ ಬೇರೆ. ಗ್ಯಾರೇಜಿನಲ್ಲಿ ಆಕೆ ಬಗ್ಗಿ ನೋಡಲು ಹೋದಾಗಲೆಲ್ಲ ಮೆಕ್ಯಾನಿಕ್ಕು, ನಿಮಗೆ ಗೊತ್ತಾಗಲ್ಲಮ್ಮ, ನೆರಳಲ್ಲಿ ಕೂತ್ಕೊಳ್ಳಿ ಎಂದು ಕುರ್ಚಿ ತೋರಿಸುತ್ತಿದ್ದ. ಗೊತ್ತಾಗಲ್ಲ ಎಂದವರಿಗೆ ಗೊತ್ತುಮಾಡಿಕೊಂಡು ತೋರಿಸದಿದ್ದರೆ ಊಟ ಸೇರುವ ಹೆಂಗಸಲ್ಲ ಅವಳು.

ಎರಡು ದಿನ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದ ಮೇಲೆ ಒಂದು ಒಪ್ಪಂದವಾಯಿತು. ಆಕೆ ಒಂದು ಸಲ ಮಾಡಿ ನೋಡಬಹುದು. ಏನಾದರೂ ಎಡವಟ್ಟಾಯಿತೋ, ಕಾರು ಮೈದುನನಿಗೆ. ಮೈದುನ ಬಡಗಿ, ಕಾರಿನ ಮೇಲೆ ಅವನಿಗೆ ಮೊದಲ ದಿನದಿಂದಲೂ ಕಣ್ಣು. ಭಾನುವಾರ ಹನ್ನೊಂದು ಗಂಟೆಗೆ ಬರುತ್ತೇನೆ, ಕೀ ರೆಡಿ ಇರಲಿ ಎಂದು ನಗುತ್ತಲೇ ಹೇಳಿ ಹೋದ. ಆಕೆಯೂ ನಕ್ಕಳು, ಆದರೆ ಕೀಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡಳು.

ಕಾರಿನ ಕೆಳಗೆ ಹೋಗಬೇಕಾದರೆ ಮೊದಲು ಕಾರು ಮೇಲೆ ಹೋಗಬೇಕಲ್ಲ. ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬಾರದು ಎಂಬುದನ್ನು ಡಿಪೋದ ಹಳೆಯ ಫಿಟ್ಟರು ಆಕೆಗೆ ಕಿವಿ ಹಿಂಡಿದಂತೆ ಹೇಳಿದ್ದ. ಮುಂದಿನ ಎರಡು ಚಕ್ರ ಹತ್ತಿ ನಿಲ್ಲುವುದಕ್ಕೆ ಎರಡು ಇಳಿಜಾರು ದಿಬ್ಬ ಬೇಕು, ಅದಕ್ಕೆ ರ‍್ಯಾಂಪು ಅನ್ನುತ್ತಾರೆ. ಮೈದುನ ಹಳೇ ಮಂಚದ ಹಲಗೆಯಲ್ಲಿ ಮಾಡಿಕೊಡುತ್ತೇನೆ ಎಂದ. ಮಂಚ ಮಲಗೋದಕ್ಕೆ ಮಾಡಿದ್ದು, ಅದರ ಕೆಳಗೆ ನಾನು ಶಾಶ್ವತವಾಗಿ ಮಲಗುವುದು ಬೇಡ ಎಂದು ಆಕೆ ಕೈಮುಗಿದಳು. ಪಕ್ಕದ ಮನೆಯವರು ಕೊಡಲು ಬಂದ ಸಿಮೆಂಟ್ ಇಟ್ಟಿಗೆಗೂ ಅದೇ ಮರ್ಯಾದೆ ಸಿಕ್ಕಿತು. ಅವು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತವೆ ಎಂದು ಫಿಟ್ಟರು ಹೇಳಿದ್ದನ್ನು ಆಕೆ ಮರೆತಿರಲಿಲ್ಲ.

ಅಂಗಡಿಯಲ್ಲಿ ಮೂರು ಜೊತೆ ರ‍್ಯಾಂಪು ಇದ್ದವು. ಅಂಗಡಿಯವನು ಥಳಥಳ ಹೊಳೆಯುವ ಒಂದು ಜೊತೆಯನ್ನು ಮುಂದಿಟ್ಟು, ಆನೆ ಹತ್ತಿದ್ರೂ ಏನೂ ಆಗಲ್ಲ ಎಂದ. ಆಕೆ ತಿರುವಿ ಮುರುವಿ ನೋಡಿದಳು. ಎಷ್ಟು ಭಾರ ಹೊರುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ.

“ಟಿಕೆಟ್ ಇಲ್ದೇ ಇರೋರನ್ನ ನಾನು ಯಾವತ್ತೂ ಹತ್ತಿಸ್ಕೊಂಡಿಲ್ಲ. ಆನೆ ಬೇಡ, ನನ್ನ ಕಾರಿಂದು ಹೇಳಿ.”

ಎರಡನೆಯದರ ಮೇಲೆ ಭಾರ ಬರೆದಿತ್ತು, ಆದರೆ ಏರು ಕಡಿದಾಗಿತ್ತು. ಕಾರಿನ ಮೂತಿ ನೆಲದಿಂದ ಎಷ್ಟು ಎತ್ತರ ಎಂದು ಆಕೆ ಮನೆಯಲ್ಲೇ ಗೇಣು ಹಾಕಿ ಬಂದಿದ್ದಳು. ಚಕ್ರ ಹತ್ತುವ ಮೊದಲೇ ಬಂಪರು ತಾಗುತ್ತದೆ ಎಂದು ಅದನ್ನೂ ಪಕ್ಕಕ್ಕಿಟ್ಟಳು. ಮೂರನೆಯದು ನೋಡಲು ಮಂಕು. ಆದರೆ ಏರು ಉದ್ದವಾಗಿ ಸಲೀಸಾಗಿತ್ತು, ಟೈರಿಗಿಂತ ನಾಲ್ಕು ಬೆರಳು ಅಗಲವಿತ್ತು, ತುದಿಯಲ್ಲಿ ಚಕ್ರ ಮುಂದೆ ಜಾರದಂತೆ ತಡೆ ಇತ್ತು. ಜೋಡಿ ಹೊರುವ ಭಾರ, ಕಾರಿನ ಪುಸ್ತಕದಲ್ಲಿ ಬರೆದಿದ್ದ ತೂಕದ ಹತ್ತಿರ ಹತ್ತಿರ ಎರಡರಷ್ಟು. ಅದನ್ನೇ ಹೊತ್ತು ತಂದಳು.

ಭಾನುವಾರ ಬೆಳಗ್ಗೆ ಅಂಗಳ ಗುಡಿಸಿ, ಸಮತಟ್ಟಾದ ಕಡೆ ರ‍್ಯಾಂಪುಗಳನ್ನು ಚಕ್ರದ ನೇರಕ್ಕೆ ಇಟ್ಟಾಯಿತು. ಗಂಡನಿಗೆ ಹೊರಗೆ ನಿಂತು ನೋಡಿ ಹೇಳುವ ಕೆಲಸ. ಕಾರಿನ ಮುಂದೆ ನಿಲ್ಲಕೂಡದು, ಪಕ್ಕದಲ್ಲಿ ದೂರ ನಿಲ್ಲಬೇಕು ಎಂದು ಆಕೆ ಮೂರು ಸಲ ಹೇಳಿದಳು. ಮಾತು ಎರಡೇ, ರೈಟ್ ಮತ್ತು ಹೋಲ್ಡಾನ್. ಆತ ತಲೆಯಾಡಿಸಿದ.

ಚಕ್ರ ಏರತೊಡಗಿತು. ಒಂದು ಗೇಣು ಹತ್ತುವಷ್ಟರಲ್ಲಿ ಎಡಗಡೆ ಟೈರು ಅಂಚಿನತ್ತ ಸರಿದದ್ದು ಟಿಕ್ಕಣ್ಣನ ಕಣ್ಣಿಗೆ ಬಿತ್ತು. ಗಾಬರಿಯಲ್ಲಿ ಕೂಗಿದ, “ರೈಟ್, ರೈಟ್!”

ಬಲಕ್ಕೆ ತಿರುಗಿಸು ಅನ್ನುವುದು ಪಾಪ, ಆತನ ಅರ್ಥ. ಆದರೆ ಇಪ್ಪತ್ತೊಂಬತ್ತು ವರ್ಷ ಆ ಪದಕ್ಕೆ ಒಂದೇ ಅರ್ಥ ಕೊಟ್ಟವಳು ಇನ್ನೇನು ಮಾಡಿಯಾಳು? ಎರಡೆರಡು ಸಲ ಹೋಗು ಅಂದಿದ್ದಾರೆ ಎಂದು ಆಕ್ಸಲರೇಟರನ್ನು ಜೋರಾಗಿಯೇ ಒತ್ತಿದಳು. ಎಡಗಡೆ ರ‍್ಯಾಂಪು ಅಡ್ಡಡ್ಡ ಜಾರಿ, ದಡಾರನೆ ಹೋಗಿ ಹೂಕುಂಡಕ್ಕೆ ಬಡಿಯಿತು. ಚಕ್ರ ಧೊಪ್ಪೆಂದು ನೆಲಕ್ಕೆ ಬಿತ್ತು. ಆತ “ಹೋಲ್ಡಾನ್” ಎಂದು ಕಿರುಚಿದ, ಕಾರು ಮೊಳೆ ಹೊಡೆದಂತೆ ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ಒಡೆದದ್ದು ಕುಂಡ ಒಂದೇ. ಆದರೆ ಒಪ್ಪಂದ ಒಪ್ಪಂದವೇ. ಆಕೆ ಕಾರನ್ನು ಹಿಂದಕ್ಕೆ ಇಳಿಸಿ ನಿಲ್ಲಿಸಿದಳು, ಇಳಿದು ಬಂದಳು, ಗಂಡನತ್ತ ಕೀ ಚಾಚಿದಳು. ಡಿಪೋದಲ್ಲಿ ಕೊನೆಯ ದಿನ ಬ್ಯಾಗು ಒಪ್ಪಿಸುವಾಗಲೂ ಅಳದವಳು ಈಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹತ್ತು ಗಂಟೆ ಆಗಿತ್ತು. ಮೈದುನ ಬರಲು ಇನ್ನೊಂದೇ ಗಂಟೆ.

ಟಿಕ್ಕಣ್ಣ ಕೀ ತೆಗೆದುಕೊಳ್ಳಲಿಲ್ಲ. ಕುಂಡದ ಚೂರುಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ.

“ಮಾತು ನಿಂದು, ಅರ್ಥ ನಂದು ಹಾಕ್ಬಿಟ್ಟೆ. ಅದಕ್ಕೆ ಕಾರ್ ಏನ್ ಮಾಡ್ತು? ಹೋಲ್ಡಾನ್ ಅಂದ ತಕ್ಷಣ ನಿಲ್ಸಿದ್ಯಲ್ಲ, ಅದನ್ನ ನೋಡ್ದೆ ನಾನು. ಇನ್ನೊಂದ್ಸಲ ಹತ್ತು.”

ಆಮೇಲೆ ನೋಡಬೇಕಿತ್ತು ಆತನ ಉತ್ಸಾಹವನ್ನು. ಭೂತಗನ್ನಡಿ ಹಚ್ಚಿಕೊಂಡು ರ‍್ಯಾಂಪಿನ ಮೂಲೆ ಮೂಲೆಯಲ್ಲಿ ಬಿರುಕು ಹುಡುಕಿದ. ಬಿರುಕಿಲ್ಲ ಎಂದು ಖಾತ್ರಿಯಾದ ಮೇಲೆ, ನುಣುಪು ನೆಲದ ಮೇಲೆ ಜಾರದಿರಲಿ ಎಂದು ರಬ್ಬರ್ ಚಾಪೆ ಕತ್ತರಿಸಿ ಅಡಿಗೆ ಹಾಸಿದ. ದಾರ ಹಿಡಿದು, ಸೀಮೆಸುಣ್ಣದ ಗೆರೆ ಎಳೆದು, ಎರಡನ್ನೂ ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ಕೂರಿಸಿದ. ರೈಟು ಲೆಫ್ಟು ಎರಡನ್ನೂ ಇಬ್ಬರೂ ಕೂಡಿ ಕೆಲಸದಿಂದ ಕಿತ್ತುಹಾಕಿದರು. ಅಂಗಳದ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ನಲ್ಲಿ. ಇನ್ನು ಮೇಲೆ ‘ಹೋಗು’, ‘ನಿಲ್ಲು’, ‘ಗೋಡೆ ಕಡೆ’, ‘ನಲ್ಲಿ ಕಡೆ’. ಓರೆಯಾದರೆ ಏರುತ್ತಲೇ ತಿರುಗಿಸುವುದು ಬೇಡ, ಪೂರ್ತಿ ಇಳಿದು ಮತ್ತೆ ಶುರುಮಾಡುವುದು.

ಒಂದು ಸಲ ಕಾರು ಗೋಡೆ ಕಡೆ ಓರೆಯಾಯಿತು, ಪೂರ್ತಿ ಇಳಿಸಿದರು. ಮುಂದಿನ ಸಲ ಕಾರು ಮೆಲ್ಲಗೆ, ಎಲ್ಲೂ ತಡೆಯದೆ ಮೇಲೆ ಹೋಗಿ ತಡೆಗೆ ಒರಗಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಗಳ ಎರಡೂ ಬದಿಗೆ ಬೆಣೆ ಕೊಟ್ಟಳು. ಬಿಸಿ ಆಯಿಲು ಕೈ ಸುಡದಿರಲಿ ಎಂದು ಎಂಜಿನ್ ಆರುವವರೆಗೆ ಕಾದರು. ಇಬ್ಬರೂ ಬದಿಯಲ್ಲಿ ನಿಂತು ಕಾರನ್ನು ಅಲ್ಲಾಡಿಸಿದರು. ಅದು ಜಗ್ಗಲಿಲ್ಲ. ಆಕೆ ಗೋಣಿ ಹಾಸಿ ಕೆಳಗೆ ತೂರಿಕೊಂಡಳು.

ಕೆಳಗೆ ಅಷ್ಟೊಂದು ಸಾಮಾನಿದೆ ಎಂದು ಆಕೆ ಅಂದುಕೊಂಡಿರಲಿಲ್ಲ. ಕೊಳವೆ, ಸರಳು, ನಟ್ಟು ಎಲ್ಲ ತನ್ನವು. ಬೋಲ್ಟು ತಿರುಗಿ ಕಪ್ಪು ಆಯಿಲು ತಟ್ಟೆಗೆ ಸುರಿದಾಗ ಸಂತೋಷ ತಡೆಯಲಾಗದೆ ಒಬ್ಬಳೇ ನಗತೊಡಗಿದಳು. ಹೊರಗಿದ್ದ ಟಿಕ್ಕಣ್ಣನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಇಷ್ಟು ದೊಡ್ಡ ಯಂತ್ರದ ಹೊಟ್ಟೆಯನ್ನು ಆತ ಜನ್ಮದಲ್ಲಿ ಕಂಡಿರಲಿಲ್ಲ. ಸ್ವಲ್ಪ ಸರಿ ಎಂದು ಆತನೂ ತೂರಿಕೊಂಡು, ಅದೇನು ಇದೇನು ಎಂದು ಕೇಳತೊಡಗಿದ.

ಹನ್ನೊಂದಕ್ಕೆ ಸರಿಯಾಗಿ ಮೈದುನ ಬಂದ. ಕಾರಿನ ಕೆಳಗಿಂದ ನಾಲ್ಕು ಪಾದಗಳು ಹೊರಚಾಚಿದ್ದವು. ಬಗ್ಗಿ, ಒಡೆದ ಕುಂಡ ನೋಡಿದೆ ಅಣ್ಣ, ಕೀ ಎಲ್ಲಿ ಎಂದು ಕೇಳಿದ.

ಕೆಳಗಿನಿಂದ ಅಣ್ಣನ ದನಿ ಬಂತು.

“ಇಲ್ಲಿ ಜಾಗ ಇಲ್ಲಪ್ಪ. ಹಿಂದೆ ಬರೋ ಬಸ್ಸಿಗೆ ಬಾ.”