ಬಣ್ಣ ಕಾಣದ ಒಂದು ಗೇಣು ದೋಣಿ

ಅರಸೀಕೆರೆಯ ನಮ್ಮ ಮನೆ ಪಾಲಾದಾಗ ಒಳಗೆಲ್ಲ ಗೋಡೆ ಎದ್ದಿತು. ಬೀದಿ ಕಡೆಯ ಜಗಲಿ ಮತ್ತು ಅದರ ಸೂರಿಗೆ ಕಟ್ಟಿದ ಮಳೆನೀರಿನ ದೋಣಿ ಮಾತ್ರ ಉದ್ದಕ್ಕೂ ಒಂದೇ ಆಗಿ ಉಳಿದವು. ಒಂದು ಕಡೆ ನನ್ನ ಗಂಡ, ಇನ್ನೊಂದು ಕಡೆ ಅವರ ಅಣ್ಣ, ಅಂದರೆ ನಮ್ಮ ಭಾವ. ಇಬ್ಬರೂ ಕೊಬ್ಬರಿ ವ್ಯಾಪಾರದವರು, ಮಂಡಿಯಲ್ಲಿ ಊರವರ ಜೊತೆಗೆಲ್ಲ ಹರಟುವವರು. ಒಬ್ಬರಿಗೊಬ್ಬರು ಮಾತ್ರ ಮಾತಿಲ್ಲ, ಏನಿದ್ದರೂ ನನ್ನ ಮೂಲಕ. ಅವರ ಮಾತು ಹೊತ್ತು ಹೊತ್ತು ನನಗೆ ಸಾಕಾಗಿತ್ತು.

ತೊಂಬತ್ತರ ದಶಕದ ಕೊನೆಗೆ ಹಳೇ ದೋಣಿ ಹೋಗಿ, ಡ್ರಮ್ಮು ಬಿಡಿಸಿದ ತಗಡಿನಲ್ಲಿ ಹೊಸದು ಮಾಡಿಸಿದರು. ಅಂಚಿಗೆ ಕಮಲದ ಎಸಳು ಕತ್ತರಿಸಲೇ, ನೀರು ಬೀಳುವ ಬಾಯಿಗೆ ಹಳೇಬೀಡಿನ ಥರ ಸಿಂಹದ ಮುಖ ಕೂರಿಸಲೇ ಎಂದು ತಗಡು ಕೆಲಸದವನು ಕೇಳಿದ. ಇವರು ಎಸಳು ಮತ್ತು ಬೆಳ್ಳಿ ಬಣ್ಣ ಎಂದರು. ಭಾವ ಸಿಂಹ ಮತ್ತು ಹಸಿರು ಪೇಂಟು ಎಂದರು. ಒಂದೇ ದೋಣಿಗೆ ಎರಡು ಶೃಂಗಾರ. ಬೀದಿಯವರು ನಿಂತು ನಕ್ಕರು, ನಾನೂ ಒಳಗೆ ಹೋಗಿ ನಕ್ಕೆ.

ಬಣ್ಣವನ್ನು ಇಬ್ಬರೂ ತಾವೇ ಬಳಿದರು, ಒಬ್ಬರು ಮನೆಯಲ್ಲಿಲ್ಲದಾಗ ಇನ್ನೊಬ್ಬರು. ನಡುವೆ ಒಂದು ಗೇಣು ಬರೀ ತಗಡಾಗಿಯೇ ಉಳಿಯಿತು. ಕುಂಚ ಗೆರೆ ದಾಟಿದರೆ ನಾಳೆ ಪಾಲು ಒತ್ತುವರಿ ಮಾಡಿದ ಎನ್ನುತ್ತಾರೆಂಬ ಹೆದರಿಕೆ ಇಬ್ಬರಿಗೂ. "ಬೇಕಾದ್ರೆ ಅವನೇ ಬಳ್ಕಳ್ಳಿ" ಎಂದರು ಇವರು. ಆ ಕಡೆಯಿಂದಲೂ ಅದೇ ಮಾತನ್ನು ನಾನೇ ಹೊತ್ತು ತಂದೆ.

ಮೂರನೇ ಮಳೆಗಾಲಕ್ಕೆ ಆ ಗೇಣು ತುಕ್ಕು ತಿಂದು ತೂತಾಯಿತು. ಅದರ ಕೆಳಗೇ ನಮ್ಮತ್ತೆ ಕೂರುತ್ತಿದ್ದರು, ಜಗಲಿಯ ನಟ್ಟನಡುವೆ, ಎರಡೂ ಬಾಗಿಲಿಗೆ ಸಮನಾಗಿ. ಜಗಲಿ ಕಿರಿದು, ಗಾಳಿ ಬೀಸಿದರೆ ಹನಿ ಗೋಡೆವರೆಗೂ ಬರುತ್ತಿತ್ತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುತ್ತಾರೆ. ನಮ್ಮಲ್ಲಿ ಮೂರನೆಯವರು ನೆನೆದರು.

"ಅತ್ತೆ, ಸ್ವಲ್ಪ ಈ ಕಡೆ ಜರುಗಿ" ಎಂದೆ.

"ಈ ಕಡೆ ಬಂದ್ರೆ ಅವನೇನು ಅಂದ್ಕಳ್ಳಲ್ವಾ? ಇಬ್ರೂ ಮಾತಾಡ್ಕಂಡು ಮುಚ್ಲಿ ಕಣವ್ವ. ಅಲ್ಲೀಗಂಟ ನೆನೀತೀನಿ."

ನಾನೇ ಏಣಿ ಹತ್ತುತ್ತೇನೆಂದರೆ ಬಿಡಲಿಲ್ಲ. "ನೀನು ಮುಚ್ಚಿಬಿಟ್ರೆ ಅವರು ಮಾತಾಡೋದ್ಯಾವಾಗ?" ಎಂದು ಗೋಣಿಚೀಲ ತಲೆಗೆ ಎಳೆದುಕೊಂಡರು. ಇಬ್ಬರಿಗೂ ಹೇಳಿ ನೋಡಿದೆ. ದೊಡ್ಡವನು, ಅವನೇ ಹತ್ತಲಿ ಎಂದರು ಇವರು. ಚಿಕ್ಕವನು, ಬಂದು ಕರೆಯಲಿ ಎಂದರು ಭಾವ. ನಾನು ಹೇಳುವುದನ್ನೇ ಬಿಟ್ಟೆ.

ಆ ಮಳೆಗಾಲ ಮುಗಿಯುವ ಮುಂಚೆಯೇ ಅತ್ತೆ ತೀರಿಕೊಂಡರು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂರಿಸಿದರು. ಯಾರ ಪಾಲಿನಲ್ಲಿ ಎಂಬ ಮಾತು ಬರಬಾರದೆಂದು ನಡುವೆಯೇ ಕೂರಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಹನಿ ಹಣೆಗೆ ಬಿದ್ದು ವಿಭೂತಿ ಕರಗಿ ಮೂಗಿನ ಮೇಲೆ ಇಳಿಯಿತು. ಮಠದ ಅಯ್ಯನವರು ತಲೆಯೆತ್ತಿ ನೋಡಿದರು, ಬಂದ ಜನವೆಲ್ಲ ನೋಡಿದರು.

ಭಾವ ಏಣಿ ತಂದು, ಡಾಂಬರು ಮೆತ್ತಿದ ಬಟ್ಟೆ ಹಿಡಿದು ಹತ್ತಿದರು. ನನ್ನ ಗಂಡ ಎದ್ದುಹೋಗಿ ಏಣಿಯ ಕಾಲು ಹಿಡಿದರು.

"ಗಟ್ಟಿಯಾಗಿ ಹಿಡ್ಕಳಪ್ಪ, ಜಾರ್ತಾ ಐತೆ."

"ಹಿಡ್ಕಂಡಿದೀನಿ ಕಣಣ್ಣ, ನೀನು ಮುಚ್ಚು."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅತ್ತೆ ಅವರಿಬ್ಬರ ಪಕ್ಕದಲ್ಲೇ ಕೂತಿದ್ದರು, ಕಣ್ಣು ಮುಚ್ಚಿಕೊಂಡು.