ರಕ್ತದಲ್ಲಿ ಇಲ್ಲದ ಕೊನೆಯ ಕೊಂಡಿ

ಮೂಡಿಗೆರೆ ಬಸ್ ನಿಲ್ದಾಣದಿಂದ ಸ್ವಲ್ಪ ಕೆಳಗೆ ನಮ್ಮದೊಂದು ಅಂಗಡಿ ಇದೆ. ಕತ್ತಿ, ಗರಗಸ, ಗಿಡ ಸವರುವ ಕತ್ತರಿ, ಹಗ್ಗ, ಕಾಫಿ ಹಣ್ಣು ಕೊಯ್ಯುವವರ ಚೀಲ, ಹೀಗೆ ಎಸ್ಟೇಟಿಗೆ ಬೇಕಾದ ಸಾಮಾನು ಸಿಗುವ ಜಾಗ. ಮಾವನವರ ಕಾಲದ್ದು. ಬೆಳಗಿನ ಹೊತ್ತು ಗಂಡ ಜೀಪಿನಲ್ಲಿ ಎಸ್ಟೇಟುಗಳಿಗೆ ಸಾಮಾನು ತಲುಪಿಸಲು ಹೋಗುವುದರಿಂದ ಅಂಗಡಿಯಲ್ಲಿ ಕೂರುವವಳು ನಾನು. ಕತ್ತಿಯ ಬಾಯಿ ಹರಿತವಿದೆಯೇ ಎಂದು ಗಿರಾಕಿಗೆ ತೋರಿಸುವಾಗ ಬೆರಳು ಕೊಯ್ದುಕೊಂಡದ್ದು ಎಷ್ಟು ಸಲವೋ. ಒಂದು ಚೂರು ಬಟ್ಟೆ ಸುತ್ತಿಕೊಂಡರೆ ನಾಲ್ಕನೇ ದಿನಕ್ಕೆ ಮಾಯ್ದಿರುತ್ತಿತ್ತು. ನನ್ನ ಮೈ ಗಟ್ಟಿ ಎಂದೇ ನಂಬಿಕೊಂಡಿದ್ದೆ.

ಆ ವರ್ಷ ಹಣ್ಣು ಕೊಯ್ಲು ಜೋರಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಎದ್ದಾಗಲೇ ಮೈ ಬಿಸಿಯಿತ್ತು, ತಲೆ ಸಿಡಿಯುತ್ತಿತ್ತು. ಮಾತ್ರೆ ನುಂಗಿ ಅಂಗಡಿ ತೆಗೆದೆ. ಹತ್ತು ಗಂಟೆಯ ಹೊತ್ತಿಗೆ ಬಾಗಿಲಿನ ಬೆಳಕು ಕಣ್ಣಿಗೆ ಚುಚ್ಚತೊಡಗಿತು. ಆಗ ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಚೀಲ ಕೊಳ್ಳಲು ಬಂದರು. ವರ್ಷಕ್ಕೆರಡು ಸಲ ಬರುವ ಗಿರಾಕಿ, ಅಷ್ಟೇ ಪರಿಚಯ. ಚೀಲದ ಕಟ್ಟು ಕೆಳಗಿನ ಹಲಗೆಯಲ್ಲಿತ್ತು. ತೆಗೆದುಕೊಡಲು ಬಗ್ಗಿದೆ, ಬಗ್ಗಲಾಗಲಿಲ್ಲ. ಕತ್ತು ಕೊರಡಿನಂತೆ ನಿಂತಿತ್ತು.

ಆಕೆ ನನ್ನನ್ನೇ ನೋಡುತ್ತಿದ್ದರು. "ಅಮ್ಮಾ, ಗದ್ದ ಎದೆಗೆ ಮುಟ್ಸಿ ನೋಡಾನ" ಎಂದರು.

ಆಗಲಿಲ್ಲ. ಆಕೆ ಕೌಂಟರಿನ ಒಳಗೇ ಬಂದು ನನ್ನ ಸೆರಗು ಸರಿಸಿ ತೋಳು ನೋಡಿದರು. ಮೊಣಕೈ ಹತ್ತಿರ ನಾಲ್ಕೈದು ಕೆನ್ನೇರಳೆ ಚುಕ್ಕೆಗಳಿದ್ದವು. ನನಗೆ ಅದುವರೆಗೆ ಕಂಡಿರಲೇ ಇಲ್ಲ.

"ನನ್ನ ಮಗೂಗೆ ಹಿಂಗೇ ಆಗಿತ್ತು. ನಾವು ಸಂಜೆ ತನಕ ಕಾದು ಕೆಟ್ವಿ. ಏಳಿ, ಈಗ್ಲೇ ಹೋಗಾನ."

"ಅಂಗಡಿ..." ಎಂದೆ.

"ಅಂಗಡಿ ಎಲ್ಲೂ ಹೋಗಲ್ಲ, ಏಳಿ."

ಶಟರ್ ಎಳೆದದ್ದು ಆಕೆಯೇ. ರಸ್ತೆಗೆ ಅಡ್ಡ ನಿಂತು ಯಾರದೋ ಜೀಪು ನಿಲ್ಲಿಸಿದ್ದೂ ಆಕೆಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಚುಕ್ಕೆಗಳನ್ನು ನೋಡಿದವರೇ ಮೊದಲು ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು, ಆಮೇಲೆ ಚಿಕ್ಕಮಗಳೂರಿಗೆ ಆಂಬುಲೆನ್ಸ್ ಹತ್ತಿಸಿದರಂತೆ. ಅಲ್ಲಿಂದ ಮುಂದಿನ ಎರಡು ದಿನ ನನ್ನ ನೆನಪಿನಲ್ಲಿಲ್ಲ.

ಎಚ್ಚರವಾದ ಮೇಲೆ ಹಾಸಿಗೆಯ ಪಕ್ಕದಲ್ಲಿ ಡಾಕ್ಟರಮ್ಮ ಒಬ್ಬರು ನಿಂತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬೇಕು. ಬೆನ್ನುಹುರಿಯ ನೀರು ತೆಗೆದು ನೋಡಿದ್ದೇವೆ, ಮೆದುಳಿನ ಪೊರೆಗೆ ಸೋಂಕಾಗಿತ್ತು, ಹೊತ್ತಿಗೆ ಸರಿಯಾಗಿ ಔಷಧ ಬಿದ್ದದ್ದಕ್ಕೆ ಉಳಿದಿರಿ ಎಂದರು. ನನ್ನ ಗಂಡನಿಗೂ ಅತ್ತೆಗೂ ಸೋಂಕು ತಗಲದಂತೆ ಮಾತ್ರೆ ಕೊಟ್ಟಿದ್ದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು: "ಇಂಥ ಜ್ವರ ಮುಂಚೆ ಯಾವಾಗಾದ್ರೂ ಬಂದಿತ್ತಾ?"

ಬಂದಿತ್ತು. ಹದಿನೇಳನೆಯ ವಯಸ್ಸಿನಲ್ಲಿ, ಕಾಲೇಜು ಹಾಸ್ಟೆಲಿನಲ್ಲಿದ್ದಾಗ. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆ. ಅಮ್ಮ ದೃಷ್ಟಿ ತೆಗೆದರು, ಎಲ್ಲರೂ ಮರೆತರು. ಅದನ್ನು ಹೇಳುತ್ತಿದ್ದಂತೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"ಇದು ಒಂದು ಸಲ ಬರೋದೇ ಅಪರೂಪ. ಎರಡು ಸಲ ಬಂತು ಅಂದ್ರೆ ದುರದೃಷ್ಟ ಅಂತ ಸುಮ್ಮನಾಗೋಕಾಗಲ್ಲ. ಮೈಯೊಳಗೇ ಏನೋ ಕಾರಣ ಇರ್ಬೇಕು. ಹುಡುಕೋಣ."

ಗುಣವಾದ ಕೂಡಲೇ ಪರೀಕ್ಷೆ ಮಾಡಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ ಎಂದು ಆರು ವಾರ ಕಾಯಿಸಿದರು. ಆಮೇಲೆ ರಕ್ತ ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ರೋಗಾಣು ಕೊಲ್ಲುವ ಶಕ್ತಿ ನನ್ನ ರಕ್ತದಲ್ಲಿ ಸೊನ್ನೆ ಎಂದು ಬಂತು. ನಾನು ಹೆದರಿ ಕೂತರೆ ಡಾಕ್ಟರಮ್ಮ ಆ ಫಲಿತಾಂಶವನ್ನು ನಂಬಲೇ ಇಲ್ಲ. ನೋಡಬೇಕಾದ ವಸ್ತು ಬಿಸಿಲಿಗೆ, ಸೆಕೆಗೆ ಬೇಗ ಕೆಡುವಂಥದ್ದು. ದಾರಿಯಲ್ಲೇ ಕೆಟ್ಟಿದ್ದರೂ ಸೊನ್ನೆಯೇ ಬರುತ್ತದೆ ಎಂದರು.

ಎರಡನೆಯ ಸಲ ರಕ್ತ ತೆಗೆದವರು ಆಸ್ಪತ್ರೆಯ ಲ್ಯಾಬಿನ ಟೆಕ್ನಿಷಿಯನ್. ಹೆಚ್ಚು ಮಾತಿಲ್ಲದ, ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಅವರು ರಕ್ತದ ಮೇಲಿನ ತಿಳಿ, ಅಂದರೆ ಸೀರಂ, ಬೇರೆ ಮಾಡಿ ಹೆಪ್ಪುಗಟ್ಟಿಸಿದರು. ಮಂಜುಗಡ್ಡೆ ತುಂಬಿದ ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು, ರಜೆ ಹಾಕಿ, ತಾವೇ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬೆಂಗಳೂರಿಗೆ ಒಯ್ದರು. ಯಾಕಿಷ್ಟು ತೊಂದರೆ ತಗೊಂಡಿರಿ ಎಂದು ನನ್ನ ಗಂಡ ಕೇಳಿದ್ದಕ್ಕೆ, "ಹಾಸನದ ಹತ್ರ ಪೆಟ್ಟಿಗೆ ತೆಗೆದು ನೋಡ್ದೆ, ಕಲ್ಲಿನ ಹಾಗೆ ಗಟ್ಟಿ ಇತ್ತು" ಎಂದರಂತೆ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಆದರೆ ಅವರ ಮುಖದಲ್ಲಿ ಅಂಥ ಸಂತೋಷವಿತ್ತಂತೆ.

ಈ ಸಲವೂ ಸೊನ್ನೆ. ಈಗ ಅದು ನಿಜವಾದ ಸೊನ್ನೆ.

ಡಾಕ್ಟರಮ್ಮ ನನ್ನನ್ನೂ ಗಂಡನನ್ನೂ ಅಮ್ಮನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಕಾಯಿಲೆ ಬಂದ ಮೇಲೆ, ಲಸಿಕೆ ಹಾಕಿದ ಮೇಲೆ ಮೈ ಕಲಿತುಕೊಳ್ಳೋ ರಕ್ಷಣೆ ಬೇರೆ. ಹುಟ್ಟುವಾಗಲೇ ಜೊತೇಲಿ ಬರೋದು ಬೇರೆ. ಚರ್ಮ, ಬಿಳಿ ರಕ್ತಕಣ, ಜ್ವರ, ಇವಕ್ಕೆಲ್ಲ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಆ ಗುಂಪಿನದ್ದೇ ಇದು, ಕಾಂಪ್ಲಿಮೆಂಟ್ ಅಂತಾರೆ. ಪೂರಕ ವ್ಯವಸ್ಥೆ ಅನ್ನಿ. ರಕ್ತದಲ್ಲಿ ಒಂದಷ್ಟು ಪ್ರೊಟೀನುಗಳು ಸುಮ್ಮನೆ ಓಡಾಡ್ತಾ ಇರ್ತವೆ. ರೋಗಾಣು ಸಿಕ್ಕಿದ್ರೆ ಮೊದಲನೇದು ಎಚ್ಚೆತ್ತು ಎರಡನೇದನ್ನ ಎಬ್ಬಿಸುತ್ತೆ, ಅದು ಮೂರನೇದನ್ನ."

"ನಮ್ಮಲ್ಲಿ ಆನೆ ಬಂದ್ರೆ ಎಸ್ಟೇಟ್ ಕೆಲಸದೋರ ಒಂದು ಲೈನ್ ಮನೆಯೋರು ಇನ್ನೊಂದು ಲೈನ್ ಮನೆಯೋರಿಗೆ ಕೂಗ್ತಾರಲ್ಲ, ಹಂಗೆ" ಎಂದರು ನನ್ನ ಗಂಡ.

"ಹಾಗೇ. ಮಧ್ಯದಲ್ಲಿ ಬರೋ ಒಂದು ಪ್ರೊಟೀನು ರೋಗಾಣುವಿನ ಮೈಗೆ ಅಂಟಿಕೊಂಡು ಗುರುತು ಹಾಕುತ್ತೆ. ಗುರುತು ಕಂಡ ಬಿಳಿ ರಕ್ತಕಣ ಬಂದು ಅದನ್ನ ನುಂಗುತ್ತೆ. ಇವರಲ್ಲಿ ಅಲ್ಲೀತನಕ ಎಲ್ಲ ಸರಿಯಾಗೇ ಇದೆ. ಅದಕ್ಕೇ ಗಾಯ ಬೇಗ ಮಾಯುತ್ತೆ. ಕೊನೇಲಿ ಬರೋ ಪ್ರೊಟೀನುಗಳು ಒಟ್ಟು ಸೇರಿ ರೋಗಾಣುವಿನ ಗೋಡೆಗೇ ತೂತು ಕೊರೀತವೆ. ಒಳಗೆ ನೀರು ನುಗ್ಗಿ ಅದು ಒಡೆದು ಸಾಯುತ್ತೆ. ಆ ಕೊನೇ ಸಾಲಲ್ಲಿ ಒಂದು ಪ್ರೊಟೀನು ಇವರ ಮೈಯಲ್ಲಿ ತಯಾರೇ ಆಗಲ್ಲ. ಬೇರೆ ರೋಗಾಣುಗಳನ್ನ ನುಂಗಿಯೇ ಮುಗಿಸಬಹುದು. ಇವರಿಗೆ ಈ ಜ್ವರ ತಂದ ಜಾತಿ ಮಾತ್ರ ನುಂಗೋರ ಕೈಯಿಂದ ಜಾರಿಕೊಳ್ಳುತ್ತೆ. ಅದಕ್ಕೆ ತೂತೇ ಬೇಕು."

ಬೇರೊಂದು ಪ್ರಶ್ನೆಗೆ ಅಮ್ಮ ಉತ್ತರ ಹೇಳಬೇಕಾಯಿತು. ಸಂಬಂಧದಲ್ಲಿ ಮದುವೆಯೇ ಎಂದು ಕೇಳಿದ್ದರು. ನಮ್ಮ ಅಪ್ಪನೇ ಅಮ್ಮನ ಸೋದರಮಾವ. ಇಂಥ ಕೊರತೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ ಎಂದು ಕೇಳಿ ಅಮ್ಮನ ಮುಖ ಬಾಡಿತು. "ನಾನೇ ಕೊಟ್ಟಿದ್ದಾ ಇದನ್ನ?" ಎಂದರು.

ಡಾಕ್ಟರಮ್ಮ ಎದ್ದು ಬಂದು ಅಮ್ಮನ ಕೈ ಹಿಡಿದುಕೊಂಡರು. "ಕೊಟ್ಟಿದ್ದು ಇದೊಂದೇ ಅಲ್ಲವಲ್ಲ ಅಮ್ಮ. ಎರಡು ಸಲ ಇಂಥ ಜ್ವರ ಗೆದ್ದ ಮೈಯನ್ನೂ ನೀವೇ ಕೊಟ್ಟಿದ್ದು." ಅಮ್ಮ ಅತ್ತದ್ದು ಆಗ.

ಈ ಕೊರತೆಗೆ ಔಷಧವಿಲ್ಲ. ಲಸಿಕೆಗಳಿವೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕು. ಲಸಿಕೆಗೆ ಸಿಗದ ಬಗೆಗಳೂ ಇರುವುದರಿಂದ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಅಲ್ಲಿನ ಡಾಕ್ಟರಿಗೆ ತೋರಿಸಲೆಂದು ಒಂದು ಪತ್ರ ಬರೆದುಕೊಟ್ಟರು. ಅಷ್ಟೇ. ಮೊದಲ ಲಸಿಕೆ ಹಾಕಿಸಿಕೊಂಡ ವಾರ ನಾನೂ ಗಂಡನೂ ಜಾವಳಿಗೆ ಹೋದೆವು. ಆಕೆ ಕಣದಲ್ಲಿ ಕಾಫಿ ಹರವುತ್ತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅದನ್ನು ಹೇಳುವ ಮೊದಲೇ ಆಕೆ ನನ್ನ ಕತ್ತಿನ ಕಡೆ ನೋಡಿ, "ಬಗ್ಗತ್ತಾ ಈಗ?" ಎಂದರು. ಬಗ್ಗಿ ಅವರ ಕಾಲು ಮುಟ್ಟಿದೆ. ಆಕೆ ಗಾಬರಿಯಾಗಿ ಹಿಂದೆ ಸರಿದರು. ತಮ್ಮ ಮಗುವಿನ ವಿಷಯ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕರಿಕಾಫಿ ಕೊಟ್ಟರು. ಕುಡಿದು ಬಂದೆವು.

ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರಮ್ಮ ಪಟ್ಟು ಹಿಡಿದಿದ್ದರು. ನನಗಿರುವುದು ಒಬ್ಬಳೇ ತಂಗಿ. ಕಳಸದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಬಿಸಿಲೆನ್ನದೆ ಚಳಿಯೆನ್ನದೆ ಮೈದಾನದಲ್ಲಿ ಓಡುವವಳು.

"ನಂಗೆ ನೆಗಡಿನೂ ಬರಲ್ಲ ಕಣೇ. ಸುಮ್ನೆ ನಂಗ್ಯಾಕೆ ಸೂಜಿ?" ಎಂದು ನಾಲ್ಕು ತಿಂಗಳು ತಳ್ಳಿದಳು. ಕೊನೆಗೆ ಅಮ್ಮ ಊಟ ಬಿಡುತ್ತೇನೆ ಎಂದ ಮೇಲೆ ಬಂದಳು. ಅವಳದ್ದೂ ಸೊನ್ನೆ.

ಅವಳು ಮೊದಲು ನಕ್ಕಳು. ಆಮೇಲೆ ಲಸಿಕೆ ಹಾಕಿಸಿಕೊಂಡಳು, ನನ್ನದರಂಥದೇ ಪತ್ರವನ್ನು ಪರ್ಸಿನಲ್ಲಿಟ್ಟುಕೊಂಡಳು. ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ, ಕಬಡ್ಡಿ ಅಭ್ಯಾಸ ನಡೆಯುತ್ತಿದ್ದ ಒಂದು ಮಧ್ಯಾಹ್ನ, ಅವಳಿಗೆ ಚಳಿ ಹತ್ತಿ ಜ್ವರ ಬಂತು. ತಲೆನೋವು ಇನ್ನೂ ಶುರುವಾಗಿರಲಿಲ್ಲ, ಚುಕ್ಕೆಗಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಷಾಯ ಕುಡಿದು ಹೊದ್ದು ಮಲಗುತ್ತಿದ್ದರು. ಅವಳು ಸೀಟಿಯನ್ನು ಇನ್ನೊಬ್ಬ ಟೀಚರ್ ಕೈಗೆ ಕೊಟ್ಟು ನೇರ ಆಸ್ಪತ್ರೆಗೆ ನಡೆದಳು. ಅಲ್ಲಿದ್ದ ಡಾಕ್ಟರು ಪತ್ರವನ್ನು ಎರಡು ಸಲ ಓದಿ, ಚಿಕ್ಕಮಗಳೂರಿಗೆ ಫೋನ್ ಮಾಡಿ ಮಾತಾಡಿ, ಆಗಲೇ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಂಜೆಕ್ಷನ್ನಿಗೆ ಮೊದಲು ತೆಗೆದಿಟ್ಟ ರಕ್ತವನ್ನು ಲ್ಯಾಬಿನಲ್ಲಿಟ್ಟು ನೋಡಿದಾಗ ಆ ರೋಗಾಣುವೇ ಬೆಳೆಯಿತು, ಲಸಿಕೆಗೆ ಸಿಗದ ಬಗೆಯದ್ದು. ಮೆದುಳಿನ ತನಕ ಹೋಗಲು ಅದಕ್ಕೆ ಹೊತ್ತು ಸಿಕ್ಕಿರಲಿಲ್ಲ.

ನಾಲ್ಕನೆಯ ದಿನ ನಾನೂ ಅಮ್ಮನೂ ವಾರ್ಡಿಗೆ ಹೋದಾಗ ಅವಳು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಡಬ್ಬಿ ಬಿಚ್ಚಿ ಕಡುಬು ಬಡಿಸಿದೆ. ಒಂದು ತುತ್ತು ತಿಂದವಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ನಿಂಗೆ ಎರಡು ಸಲ ಬಂದಿದ್ದಕ್ಕೆ ನಾನು ಉಳ್ಕೊಂಡೆ ಕಣೇ ಅಕ್ಕ."

ಪಕ್ಕದಲ್ಲಿದ್ದ ಅಮ್ಮ, "ಹಂಗೆಲ್ಲ ಮಾತಾಡ್ಬೇಡ ಕಣೇ. ಬಿಸಿ ಆರತ್ತೆ, ತಿನ್ನು" ಎಂದು ಅವಳ ತಟ್ಟೆಗೆ ಇನ್ನೊಂದು ಕಡುಬು ಹಾಕಿದರು.