ಕಂಬಳಿಯಲ್ಲಿ ಸಿಕ್ಕ ಶೇಂಗಾ ಸಿಪ್ಪೆ

ಚಳ್ಳಕೆರೆಯಲ್ಲಿ ಆರಿಸಿ ತಂದ ಕರಿ ಕಂಬಳಿ ಅದು. ನಮ್ಮ ಕೊಂಡ್ಲಹಳ್ಳಿ ಮನೆಯಲ್ಲಿ ಹಬ್ಬಕ್ಕೆ ದೇವರ ಗದ್ದಿಗೆಗೆ ಹಾಸಲು ಮಾತ್ರ ಪೆಟ್ಟಿಗೆಯಿಂದ ತೆಗೆಯುತ್ತಿದ್ದೆವು. ಈ ಸಲ ತೆಗೆದಾಗ ಉಣ್ಣೆಯಲ್ಲಿ ಶೇಂಗಾ ಸಿಪ್ಪೆಯ ಚೂರುಗಳು ಸಿಕ್ಕಿಕೊಂಡಿದ್ದವು.

ದೇವಸಮುದ್ರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಸೊಸೆಯ ಮೇಲೆ ಮಾವನಾದ ನಾನು ಅನುಮಾನದ ಕಣ್ಣಿಟ್ಟೆ. ಒಂದು ಬೆಳಿಗ್ಗೆ ಅವಳು ಆ ಕಂಬಳಿಯನ್ನು ಚೀಲಕ್ಕೆ ತುರುಕಿಕೊಂಡು ಬಸ್ಸಿಗೆ ಹೋದಳು. ಕಂಬಳಿ ಹಾಸಿ ಶೇಂಗಾ ತಿನ್ನಲು ಯಾರೂ ಒಬ್ಬರೇ ಕೂರುವುದಿಲ್ಲ ಎಂದುಕೊಂಡೆ. ಅಷ್ಟಕ್ಕೆ ಸುಮ್ಮನಿರದೆ ಮಗನ ಕಿವಿಗೂ ಹಾಕಿದೆ.

"ಲೇ, ನಿನ್ನ ಹೆಂಡ್ತಿ ಯಾರ ಜೊತೆ ಕೂತ್ಕಂತಾಳೆ, ವಿಚಾರ್ಸಿದೀಯಾ?"

ಅಂದಿನಿಂದ ಅವನು ಅವಳ ಜೊತೆ ಮಾತು ಬಿಟ್ಟ. ಕಾರಣ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು; ಆದರೂ ಅವಳು ಬಡಿಸಿದ ಮುದ್ದೆಯನ್ನು ನಾಚಿಕೆಯಿಲ್ಲದೆ ಉಣ್ಣುತ್ತಿದ್ದೆ.

ಮತ್ತೆ ಚೀಲ ಉಬ್ಬಿದ ದಿನ ನಂತರದ ಬಸ್ಸು ಹತ್ತಿ ಹೋಗಿ ಶಾಲೆಯ ಕಿಟಕಿಯಲ್ಲಿ ಇಣುಕಿದೆ. ನಮ್ಮ ಕಂಬಳಿಯ ಕೆಳಗೆ ಇಬ್ಬರು ಹುಡುಗಿಯರು ಒತ್ತಿಕೊಂಡು ಕೂತಿದ್ದರು. ಒಬ್ಬಳ ಅಂಗೈಯಲ್ಲಿ ಹತ್ತಿ. ಉಳಿದ ಮಕ್ಕಳು ಮೊರದಿಂದ ಶೇಂಗಾ ಸಿಪ್ಪೆ ಎರಚುತ್ತಿದ್ದರು.

"ಸಿಪ್ಪೆ ಅಂದ್ರೆ ಸೂರ್ಯನಿಂದ ಬೀಸೋ ಕಣಗಳು. ಹತ್ತಿ ಹಿಡ್ದೋಳು ಭೂಮಿ, ಪಕ್ಕದೋಳು ಚಂದ್ರ. ಹತ್ತಿ ನಮ್ಮ ಭೂಮಿಯ ಗಾಳಿ," ಎನ್ನುತ್ತಿದ್ದಳು ಸೊಸೆ. "ಬಾಳ ಹಿಂದೆ ಚಂದ್ರ ಹತ್ರ ಇದ್ದ. ಅವನಿಗೂ ಕಾಂತಶಕ್ತಿ ಇತ್ತು. ಇಬ್ಬರದೂ ಸೇರಿ ಹಿಂಗೆ ಒಂದೇ ಕಂಬಳಿ ಆಗಿ, ನಮ್ಮ ಗಾಳಿ ಹಾರಿಹೋಗದಂಗೆ ಕಾದಿರಬಹುದು ಅಂತಾರೆ. ಅದಕ್ಕೇ ಇಲ್ಲಿ ಜೀವ ಉಳೀತೋ ಏನೋ."

ಹತ್ತನೇ ತರಗತಿ ಓದಿದ ನನಗೆ ಈಗ ಚಂದ್ರನ ಮೇಲೂ ಅನುಮಾನ. ಅಷ್ಟು ಚಿಕ್ಕವನು ಭೂಮಿಯನ್ನು ಕಾಯುವುದೆಂದರೇನು? ಅಷ್ಟರಲ್ಲಿ ಅವಳು ನನ್ನನ್ನು ನೋಡಿಬಿಟ್ಟಳು.

"ಮಾವಾ! ಬರ್ರಿ ಒಳಗೆ. ಮಕ್ಳಾ, ಚಂದ್ರನೇ ಬಂದವ್ರೆ ನೋಡ್ರಿ!"

"ತಲೆ ನೋಡಿದ್ರೆ ಹುಣ್ಣಿಮೇನೇ, ಮಿಸ್!" ಎಂದಿತು ಒಂದು ದನಿ.

ಹತ್ತಿ ಹಿಡಿದ ಹುಡುಗಿಯ ಪಕ್ಕ ನನ್ನನ್ನು ಕೂರಿಸಿ ಕಂಬಳಿ ಹೊದಿಸಿದರು. ಸಿಪ್ಪೆ ಪಟಪಟ ಬಡಿಯಿತು.

"ತಾತಾ, ಗಟ್ಟಿ ಹಿಡ್ಕಳ್ರಿ, ಗಾಳಿ ಹಾರೋಗ್ತೈತೆ," ಎಂದಳು ಹುಡುಗಿ.

ಹಿಂದಿರುಗುವ ಬಸ್ಸಿನಲ್ಲಿ ಸೊಸೆಗೆ ಎಲ್ಲ ಹೇಳಿದೆ. ಮೊಳಕಾಲ್ಮುರು ದಾಟಿದ ಮೇಲೆ ಅವಳು ಕಂಬಳಿಯ ಚೀಲವನ್ನು ನನ್ನ ಮಡಿಲಿಗಿಟ್ಟಳು.

"ನನಗೆ ಹೇಳಿದ್ರಿ. ನಿಮ್ಮ ಮಗನಿಗೆ ಹೇಳ್ತೀರಾ?" ಎಂದಳು.

ಮನೆ ಸೇರಿದವನೇ ಮಗನನ್ನು ಕರೆದು ಅವನೆದುರು ಕಂಬಳಿ ಕೊಡವಿದೆ. ಸಿಪ್ಪೆ ನೆಲಕ್ಕೆ ಉದುರಿತು.

"ಇದನ್ನ ಎರಚಿದ್ದು ಅವಳ ಶಾಲೆ ಮಕ್ಳು ಕಣಲೇ. ತಪ್ಪು ನಂದು. ಅವಳದೇನೂ ಇಲ್ಲ."

ಅವನು ನನ್ನ ಮುಖ ನೋಡದೆ ಅಡುಗೆಮನೆಗೆ, ಅವಳಿದ್ದಲ್ಲಿಗೆ ಹೋದ. ನಾನು ಪೊರಕೆ ಹುಡುಕಿದೆ.